ಸೂಜಿ ಬೇಡವೆಂದ ಮಳೆಗಾಲ

ಹೋದ ತಿಂಗಳು ನನ್ನ ಮಂಡಿನೋವಿಗೆ ಡಾಕ್ಟರನ್ನು ಹುಡುಕಲು ಕೂತ ಮಗಳು ವೀಣಾ ಫೋನಿನಿಂದ ತಲೆ ಎತ್ತಲೇ ಇಲ್ಲ. ‘ಅಮ್ಮಾ, ಇವರಿಗೆ ನಾಲ್ಕೂವರೆ ಸ್ಟಾರ್ ಇದೆ ನೋಡು. ಡಾಕ್ಟರು ನಗುನಗ್ತಾ ಮಾತಾಡ್ತಾರೆ, ಅರ್ಧ ಕಾಯಿಲೆ ಅಲ್ಲೇ ವಾಸಿ ಅಂತ ಬರ್ದಿದ್ದಾರೆ. ಇವರು ಬೇಡ. ಮುಖ ಎತ್ತಿ ನೋಡಲ್ವಂತೆ, ಏನು ಕೇಳಿದ್ರೂ ರೇಗ್ತಾರಂತೆ’ ಎಂದಳು. ನಾನು ಫೋನು ಇಸಿದುಕೊಂಡು ಕನ್ನಡಕ ಹಾಕಿಕೊಂಡು ಓದತೊಡಗಿದೆ. ಸಾರು ಒಲೆಯ ಮೇಲೆ ತಳ ಹತ್ತಿದ ವಾಸನೆ ಬಂದರೂ ಬಿಡಲಿಲ್ಲ. ತಾಳ್ಮೆಯಿಂದ ಕೇಳುತ್ತಾರೆ, ಮನೆಯವರ ಹಾಗೆ ವಿಚಾರಿಸುತ್ತಾರೆ, ಅರ್ಥವಾಗುವ ಹಾಗೆ ಹೇಳುತ್ತಾರೆ. ಕೆಟ್ಟದ್ದು ಬರೆದವರೂ ಅದನ್ನೇ ಬರೆದಿದ್ದರು: ಕೇಳಲಿಲ್ಲ, ಹೇಳಲಿಲ್ಲ, ನೋಡಲಿಲ್ಲ. ಡಾಕ್ಟರು ಎಷ್ಟು ಓದಿದ್ದಾರೆ, ಕಾಯಿಲೆಯನ್ನು ಸರಿಯಾಗಿ ಗುರುತಿಸಿದರೇ ಎಂಬ ಮಾತನ್ನು ಹುಡುಕಿ ಹುಡುಕಿ ಸಾಕಾಯಿತು.

‘ನಿಮ್ಮಪ್ಪನಿಗೆ ಎಷ್ಟು ಸ್ಟಾರ್ ಕೊಡ್ತಿದ್ರೇ?’ ಎಂದು ಕೇಳಿದೆ. ವೀಣಾ ನಕ್ಕಳು. ‘ಒಂದು. ಅದೂ ಸೊನ್ನೆ ಕೊಡೋಕೆ ಬಿಡಲ್ಲ ಅಂತ’ ಎಂದಳು. ನನಗೂ ನಗು ಬಂತು, ಆಮೇಲೆ ಫೋನು ಕೆಳಗಿಟ್ಟೆ. ಕೆಸರೆಯ ಆ ಮಳೆಗಾಲ ನೆನಪಾಗಿತ್ತು. ಆಗ ವೀಣಾ ಹೈಸ್ಕೂಲಿನಲ್ಲಿದ್ದಳು, ಅವಳಿಗೆ ನಾವು ಎಲ್ಲವನ್ನೂ ಹೇಳಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಚಾಮರಾಜಪುರಂನಲ್ಲಿ, ನಮ್ಮ ಯಜಮಾನರ ಕ್ಲಿನಿಕ್ಕು ಊರಿನ ಇನ್ನೊಂದು ತುದಿಗೆ ಕೆಸರೆಯಲ್ಲಿ. ಚಾಮರಾಜಪುರಂನ ಬೀದಿ ಬೀದಿಯಲ್ಲೂ ಡಾಕ್ಟರಿದ್ದರು. ಹೊಸಬರಿಗೆ ಅಲ್ಲಿ ಜಾಗವಿರಲಿಲ್ಲ. ಕೆಸರೆಯಲ್ಲಿ ಸುತ್ತಲ ಹಳ್ಳಿಗಳಿಂದ ಬಂದು ನೆಲೆಸಿದ ಜನ, ಗಾರೆ ಕೆಲಸದವರು, ಊದುಬತ್ತಿ ಹೊಸೆಯುವ ಹೆಂಗಸರು, ತರಕಾರಿ ಗಾಡಿಯವರು. ಎರಡು ಕೋಣೆಯ ಕ್ಲಿನಿಕ್ಕು. ಹೊರಗಿನದರಲ್ಲಿ ಒಂದು ಬೆಂಚು, ಒಳಗಿನದರಲ್ಲಿ ಅವರು.

ಅವರ ವಿದ್ಯೆಯ ಬಗ್ಗೆ ನಾನು ಹೆಂಡತಿಯಾಗಿ ಹೊಗಳುವುದು ಬೇಡ, ಅವರ ಜೊತೆ ಓದಿದವರೇ ಕಷ್ಟದ ಕೇಸು ಬಂದರೆ ಮನೆಗೆ ಬಂದು ಕೇಳುತ್ತಿದ್ದರು. ಆದರೆ ಬಾಯಿ! ಆ ಬಾಯಿಗೆ ಬೀಗ ಹಾಕಿ ಬೀಗದ ಕೈಯನ್ನು ಕಾವೇರಿಗೆ ಎಸೆದಿದ್ದರು. ಮಠದ ಹಾಸ್ಟೆಲಿನಲ್ಲಿ ಉಂಡು ಓದಿ ಡಾಕ್ಟರಾದವರು. ಕಲಿಸಿದ ದೊಡ್ಡ ಡಾಕ್ಟರುಗಳು ಯಾರೂ ಅವರ ಬೆನ್ನು ತಟ್ಟಿ ವಿವರಿಸಿ ಹೇಳಿದವರಲ್ಲ. ಮಾಡು ಎಂದರೆ ಮಾಡಬೇಕು, ಬೇಡ ಎಂದರೆ ಬಿಡಬೇಕು. ಇವರೂ ರೋಗಿಗಳಿಗೆ ಹಾಗೇ ಹೇಳುತ್ತಿದ್ದರು. ಏನು ಕಾಯಿಲೆ ಸಾರ್ ಎಂದು ಕೇಳಿದರೆ, ‘ಹೇಳಿದರೆ ನೀನು ವಾಸಿ ಮಾಡ್ಕೋತೀಯಾ?’ ಎನ್ನುತ್ತಿದ್ದರು. ಮನೆಯಲ್ಲಿ ನನಗೂ ಅದೇ ಪ್ರಸಾದ. ಮದುವೆಯಾದ ಹೊಸದರಲ್ಲಿ ಅತ್ತು ನೋಡಿದೆ, ಆಮೇಲೆ ಕಾಲೆಳೆಯುವುದನ್ನು ಕಲಿತೆ.

ರಸ್ತೆಯಾಚೆ, ನಮ್ಮ ಕ್ಲಿನಿಕ್ಕಿಗೆ ಎದುರೆದುರೇ ಇನ್ನೊಬ್ಬ ಡಾಕ್ಟರಿದ್ದರು. ಅವರಿಗೆ ಜನ ಇಟ್ಟ ಹೆಸರು ನಗೋ ಡಾಕ್ಟ್ರು, ನಮ್ಮವರಿಗೆ ಸಿಡುಕು ಡಾಕ್ಟ್ರು. ಆ ಮನುಷ್ಯನನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆಟೋದಿಂದ ಇಳಿಯಲಾರದ ಮುದುಕರನ್ನು ತಾವೇ ಎತ್ತಿಕೊಂಡು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಏನವ್ವಾ, ಮಗಳ ಬಾಣಂತನ ಮುಗೀತಾ, ಎಂದು ಕೇಳುತ್ತಲೇ ನಾಡಿ ಹಿಡಿಯುತ್ತಿದ್ದರು. ಬಂದವರಿಗೆಲ್ಲ ಒಂದು ಸೂಜಿ ಖಂಡಿತ. ಆ ಕಾಲದಲ್ಲಿ ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ. ಮಾತ್ರೆಯನ್ನು ಅಂಗಡಿಯವನೂ ಕೊಡುತ್ತಾನೆ, ಚುಚ್ಚಿ ಸ್ಪಿರಿಟ್ಟಿನ ಹತ್ತಿ ಒತ್ತಿ ಉಜ್ಜಿದರೆ ಮಾತ್ರ ಚಿಕಿತ್ಸೆ ಆದಂತೆ. ನೆಗಡಿಗೆ ಸೂಜಿ, ಸುಸ್ತಿಗೆ ಸೂಜಿ, ಹೊಟ್ಟೆ ತೊಳಸಿದರೆ ಸೂಜಿ. ಆಗೇನು ಫೋನಿನಲ್ಲಿ ಸ್ಟಾರ್ ಕೊಡುತ್ತಿರಲಿಲ್ಲ, ಬೀದಿ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ಕೊಡುತ್ತಿದ್ದರು. ‘ನಗೋ ಡಾಕ್ಟ್ರು ಕೈಗುಣ ಚೆಂದಾಗದೆ ಕಣಕ್ಕ, ಚುಚ್ಚುದ್ರೂ ನೋಯಕ್ಕಿಲ್ಲ’ ಎಂಬ ಮಾತನ್ನು ನಮ್ಮ ಕ್ಲಿನಿಕ್ಕಿನ ಕಿಟಕಿಯೊಳಗಿಂದಲೇ ಕೇಳಿದ್ದೇನೆ.

ಆ ವರ್ಷ ಆಷಾಢದ ಹೊತ್ತಿಗೆ ನಮ್ಮ ಕಂಪೌಂಡರು ಬೇರೆ ಕೆಲಸ ಸಿಕ್ಕಿ ಬಿಟ್ಟುಹೋದ. ಇನ್ನೊಬ್ಬ ಸಿಗುವ ತನಕ ನೀನೇ ಬಂದು ಕೂತ್ಕೋ ಎಂದು ಯಜಮಾನರು ಹೇಳಿದ್ದರಿಂದ ದಿನಾ ಸಂಜೆ ಅವರ ಸ್ಕೂಟರಿನ ಹಿಂದೆ ಕೂತು, ತುಂತುರಿನಲ್ಲಿ ಸೆರಗು ಹೊದ್ದು ಕೆಸರೆಗೆ ಹೋಗುತ್ತಿದ್ದೆ. ಆಷಾಢದ ಗಾಳಿಗೆ ಹೊರಗಿನ ಬಾಗಿಲು ಹೊಡೆದುಕೊಳ್ಳುತ್ತಿತ್ತು. ರಸ್ತೆಯ ಮೇಲೆ ಚರಂಡಿಯ ನೀರು. ಮನೆ ಮನೆಯ ಜಗುಲಿಯಲ್ಲಿ ಒಣಗದ ಊದುಬತ್ತಿಯ ಘಾಟು. ಮಕ್ಕಳಿಗೆಲ್ಲ ಜ್ವರ.

ಕೂತ ಮೊದಲ ವಾರವೇ ಒಂದು ವಿಷಯ ಗಮನಿಸಿದೆ. ಮೊದಲೇ ಸೂಜಿ ಕಡಿಮೆ ಹಾಕುತ್ತಿದ್ದ ನಮ್ಮವರು ಈಗ ಚಿಕ್ಕ ಮಕ್ಕಳಿಗೆ ಸೂಜಿ ಮುಟ್ಟಿಸುತ್ತಲೇ ಇರಲಿಲ್ಲ. ಎಷ್ಟೇ ಜ್ವರವಿರಲಿ, ತಾಯಂದಿರು ಎಷ್ಟೇ ಗೋಗರೆಯಲಿ, ಸಿರಪ್ಪು ಬರೆದು ಕಳಿಸಿಬಿಡುವುದು. ಬೆಂಚು ಖಾಲಿಯಾಗತೊಡಗಿತು. ಮನೆಯಲ್ಲಿ ಊಟಕ್ಕೆ ಬಡಿಸುತ್ತಾ ಕೇಳಿದೆ.

‘ಅಲ್ಲಾ, ಒಂದು ಸೂಜಿ ಹಾಕಿದರೆ ನಿಮ್ಮ ಗಂಟೇನು ಹೋಗುತ್ತೆ? ಎಲ್ಲ ಎದುರುಗಡೆ ಹೋಗ್ತಿದ್ದಾರೆ.’

‘ಬೇಡ ಅಂದರೆ ಬೇಡ. ನಿನಗ್ಯಾಕೆ? ಪಲ್ಯ ಹಾಕು’ ಎಂದರು. ಹಾಕಿದೆ.

ಮಂಜುಳ ಬಂದದ್ದು ಅದೇ ದಿನಗಳಲ್ಲಿ. ನಂಜನಗೂಡಿನ ಕಡೆಯ ಹಳ್ಳಿಯ ಹುಡುಗಿ, ಗಂಡ ಶಿವಣ್ಣ ಗಾರೆ ಕೆಲಸದವನು. ಇವಳು ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು, ಬೆರಳೆಲ್ಲ ಕಪ್ಪು. ಸೊಂಟದ ಮೇಲೆ ಇನ್ನೂ ಎರಡು ವರ್ಷ ತುಂಬದ ಮಗಳು ರೂಪ, ಅವಳ ಹಳದಿ ಅಂಗಿಯ ಮೇಲೆಲ್ಲ ತಾಯಿಯ ಕಪ್ಪು ಬೆರಳಿನ ಗುರುತು. ಮಗು ಕೆಂಡದಂತೆ ಸುಡುತ್ತಿತ್ತು. ಆದರೂ ನನ್ನ ಬಳೆ ಕಂಡು ಕೈ ಚಾಚಿತು. ನಾನು ಎತ್ತಿಕೊಂಡು ಬೆಂಚಿನ ಮೇಲೆ ನಿಲ್ಲಿಸಿದೆ. ಎರಡು ಕಾಲೂ ಊರಿ ಕುಣಿದಂತೆ ಮಾಡಿತು. ಅದು ನನ್ನ ಕಣ್ಣಿನಲ್ಲಿ ಇನ್ನೂ ಇದೆ.

ಒಳಗೆ ನಮ್ಮವರು ಚೆನ್ನಾಗಿಯೇ ನೋಡಿದರು. ಗಂಟಲು, ಕಿವಿ, ಎದೆ, ಹೊಟ್ಟೆ, ಕುತ್ತಿಗೆ ಬಗ್ಗಿಸಿ, ಕಾಲು ಮಡಿಸಿ. ಪೋಲಿಯೋ ಹನಿ ಹಾಕಿಸಿದ್ದೀಯಾ ಎಂದು ಕೇಳಿದರು. ‘ಊರಲ್ಲಿ ಒಂದ್ ಸಲ ಆಕುದ್ರು ಸಾ. ಆಮೇಕೆ ಇಲ್ಲಿಗ್ ಬಂದ್ಬುಟ್ವಿ’ ಎಂದಳು. ಇಡೀ ದೇಶದ ಮಕ್ಕಳಿಗೆ ಒಂದೇ ದಿನ ಹನಿ ಹಾಕುವ ಕಾಲ ಇನ್ನೂ ಬಂದಿರಲಿಲ್ಲ.

‘ಸಿರಪ್ಪು ಬರೆದಿದ್ದೀನಿ. ಒದ್ದೆ ಬಟ್ಟೆಯಲ್ಲಿ ಮೈ ಒರೆಸು. ಮಲಗಿಸು. ಹೋಗು.’

‘ಒಂದ್ ಸೂಜಿ ಚುಚ್ಬುಡಿ ಸಾ. ಮಗಾ ಎದೆಹಾಲೂ ಕುಡೀತಿಲ್ಲ.’

‘ಸೂಜಿ ಬೇಡ.’

‘ದಮ್ಮಯ್ಯ ಸಾ, ಜರ ಇಳಿಲಿ ಅಂತ ಒಂದೇ ಒಂದು.’

‘ಡಾಕ್ಟರು ನಾನೋ ನೀನೋ?’

ಮಂಜುಳ ಹೊರಗೆ ಬಂದಾಗ ಅವಳ ಮುಖ ಚಿಕ್ಕದಾಗಿತ್ತು. ನನ್ನ ಕಡೆ ನೋಡಿ, ‘ಏನವ್ವ ನಿಮ್ಮೆಜಮಾನ್ರು, ನಾಯಿ ಓಡ್ಸ್ದಂಗ್ ಓಡುಸ್ತಾರೆ’ ಎಂದಳು. ಮಗುವಿಗೆ ಸೆರಗು ಮುಚ್ಚಿ ರಸ್ತೆ ದಾಟಿದಳು. ನಗೋ ಡಾಕ್ಟರ ಬೆಂಚಿನಲ್ಲಿ ಹೆಂಗಸರು ಸರಿದು ಜಾಗ ಕೊಟ್ಟರು.

ಅದಾಗಿ ಮೂರು ನಾಲ್ಕು ದಿನಕ್ಕೆ ಶಿವಣ್ಣ ಗಾರೆ ಮೆತ್ತಿದ ಕೈಯಲ್ಲೇ ಓಡಿಬಂದ. ‘ಡಾಕುಟ್ರೆ, ಮಗಾ ನಿಂತ್ಕತಾ ಇಲ್ಲ. ಬಲಗಾಲು ಜೋತಾಡ್ತದೆ. ನಗೋ ಡಾಕ್ಟ್ರು ದೊಡ್ಡಾಸ್ಪತ್ರೆಗೆ ಓಗು ಅಂದ್ರು. ನೀವೊಂದ್ ಕಿತ ನೋಡ್ಬುಡಿ’ ಎಂದ. ನಮ್ಮವರು ಸ್ಟೆತಾಸ್ಕೋಪನ್ನೂ ತೆಗೆದುಕೊಳ್ಳದೆ ಎದ್ದು ಹೋದರು. ನಾನೂ ಹಿಂದೆಯೇ ಹೋದೆ. ಚಾಪೆಯ ಮೇಲೆ ಮಗು ಮಲಗಿತ್ತು, ಜ್ವರ ಇಳಿದಿತ್ತು. ನನ್ನ ಬಳೆ ಕಂಡು ಆವತ್ತಿನ ಹಾಗೇ ಕೈ ಚಾಚಿತು. ನಮ್ಮವರು ಬಲಗಾಲನ್ನು ಎತ್ತಿ ಬಿಟ್ಟರು, ಅದು ಧೊಪ್ಪನೆ ಚಾಪೆಯ ಮೇಲೆ ಬಿತ್ತು. ಅಂಗಾಲು ಗೀರಿದರು, ಬೆರಳು ಅಲುಗಲಿಲ್ಲ.

‘ಸೂಜಿ ಎಲ್ಲಿ ಹಾಕಿಸಿದೆ?’ ಎಂದು ಕೇಳಿದರು. ಮಂಜುಳ ಮಗುವನ್ನು ಮಗ್ಗುಲಿಗೆ ತಿರುಗಿಸಿ ಬಲಗಡೆಯ ತಿಕವನ್ನು ತೋರಿಸಿದಳು. ನಮ್ಮವರು ಆಟೋ ತರಿಸಿ, ತಾವೇ ಜೊತೆಯಲ್ಲಿ ಕೂತು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು.

ಆವತ್ತು ಮನೆಗೆ ಬಂದವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ನಾನು ಕೇಳದೆಯೇ ಹೇಳಿದರು. ಮದುವೆಯಾದ ಮೇಲೆ ಹಾಗೆ ಹೇಳಿದ್ದು ಅದೇ ಮೊದಲು. ಮಳೆಗಾಲದಲ್ಲಿ ಪೋಲಿಯೋ ರೋಗಾಣು ಎಷ್ಟೋ ಮಕ್ಕಳ ಹೊಟ್ಟೆ ಸೇರುತ್ತದಂತೆ. ಹೆಚ್ಚಿನ ಮಕ್ಕಳಿಗೆ ಬರೀ ಜ್ವರ ಬಂದು ಹೋಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಆ ಜ್ವರದಲ್ಲಿ ಮಾಂಸಕ್ಕೆ ಸೂಜಿ ಚುಚ್ಚಿದರೆ, ಚುಚ್ಚಿದ ಕಾಲಿಗೇ ಅದು ಬಡಿಯುವ ಅಪಾಯ ಹೆಚ್ಚಂತೆ. ಆ ವರ್ಷ ಪಕ್ಕದ ಬಡಾವಣೆಯಲ್ಲಿ ಒಂದು ಮಗುವಿಗೆ ಹಾಗಾಗಿದೆ ಎಂದು ತಿಳಿದ ದಿನದಿಂದ ಇವರು ಮಕ್ಕಳಿಗೆ ಸೂಜಿ ನಿಲ್ಲಿಸಿದ್ದರು. ‘ಹಾಕದೇ ಇದ್ದಿದ್ದರೆ ಕಾಲು ಉಳೀತಿತ್ತು ಅಂತ ಖಂಡಿತ ಹೇಳೋ ಹಾಗಿಲ್ಲ. ಆದರೆ ಉಳೀಬಹುದಿತ್ತು’ ಎಂದರು. ನಾನು ಒಲೆ ಆರಿಸಿ ಅಲ್ಲೇ ಕೂತೆ.

ಕೆಸರೆಯಲ್ಲಿ ಸುದ್ದಿ ಹಬ್ಬಲು ತಡವೇ? ಹಬ್ಬಿದ್ದು ಮಾತ್ರ ತಲೆಕೆಳಗಾಗಿ. ಸಿಡುಕು ಡಾಕ್ಟ್ರು ಸೂಜಿ ಹಾಕದೆ ಓಡಿಸಿದರು, ತಡವಾಯಿತು, ಅದಕ್ಕೇ ಮಗುವಿನ ಕಾಲು ಹೋಯಿತು. ಪಾಪ, ನಗೋ ಡಾಕ್ಟ್ರು ಸೂಜಿ ಹಾಕಿ ಜೀವ ಉಳಿಸಿದರು. ಕಿಟಕಿಯ ಪಕ್ಕ ಕೂತು ಇದನ್ನು ಕೇಳಿಸಿಕೊಂಡ ನನಗೆ ಮೈ ಉರಿದುಹೋಯಿತು. ಒಳಗೆ ನುಗ್ಗಿ, ‘ಹೋಗಿ ಹೇಳ್ರೀ ನಿಜ ಏನು ಅಂತ! ನಿಮಗೆ ಆಗದಿದ್ದರೆ ನಾನು ಹೇಳ್ತೀನಿ, ನಲ್ಲಿ ಹತ್ತಿರ ನಿಂತು ಕೂಗಿ ಹೇಳ್ತೀನಿ’ ಎಂದೆ.

‘ಏನಂತ ಹೇಳ್ತೀಯಾ? ಆ ತಾಯಿ ತಾನೇ ಎತ್ಕೊಂಡು ಹೋಗಿ ಆ ಸೂಜಿ ಹಾಕಿಸಿದ್ದು ಅಂತಲಾ?’ ಎಂದರು. ಆದರೆ ಅವರು ಸುಮ್ಮನೆ ಕೂರಲಿಲ್ಲ, ಅದೇ ಸಂಜೆ ಮಳೆಯಲ್ಲಿ ರಸ್ತೆ ದಾಟಿ ನಗೋ ಡಾಕ್ಟರ ಹತ್ತಿರ ಹೋದರು. ಮಕ್ಕಳಿಗೆ ಈ ಮಳೆಗಾಲ ಮುಗಿಯುವವರೆಗಾದರೂ ಸೂಜಿ ಬೇಡ ಎಂದರಂತೆ. ಆ ಡಾಕ್ಟರ ಮುಖದಲ್ಲಿ ನಗುವಿರಲಿಲ್ಲವಂತೆ. ‘ನಾನು ಹಾಕದೆ ಇದ್ರೆ ಇನ್ನೊಬ್ಬರ ಹತ್ರ ಹೋಗಿ ಹಾಕಿಸ್ಕೋತಾರೆ ಸಾರ್. ನೋಡ್ತೀನಿ’ ಎಂದರಂತೆ. ಆಮೇಲೂ ಅಲ್ಲಿಂದ ಮಕ್ಕಳ ಚೀರಾಟ ನಮ್ಮ ಕಿಟಕಿಗೆ ಕೇಳುತ್ತಲೇ ಇತ್ತು.

ಆಷಾಢದ ಶುಕ್ರವಾರವೊಂದರಲ್ಲಿ ಮಂಜುಳ ಮಗುವನ್ನು ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದಳೆಂದು ಯಾರೋ ಹೇಳಿದರು. ದಾರಿಯುದ್ದಕ್ಕೂ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ನಮ್ಮ ಯಜಮಾನರಿಗೆ ಶಾಪ ಹಾಕಿದಳಂತೆ. ನಾನು ಇವರಿಗೆ ಹೇಳಲಿಲ್ಲ. ಯಾರು ಹೇಳಿದರೋ, ಇವರಿಗೆ ಗೊತ್ತಾಗಿಯೇ ಇತ್ತು. ಊಟ ಅರ್ಧಕ್ಕೆ ಬಿಟ್ಟು ಏಳತೊಡಗಿದರು.

ಶ್ರಾವಣ ಬಂದ ಮೇಲೆ ಒಂದು ಸಂಜೆ ಮಂಜುಳ ಕ್ಲಿನಿಕ್ಕಿಗೆ ಬಂದಳು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ ನೆಟ್ಟಗೆ ಒಳಗೆ ಹೋದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನು ಮಗುವನ್ನು ಎತ್ತಿಕೊಂಡೇ ಬಾಗಿಲಿಗೆ ಬಂದು ನಿಂತೆ. ಮಗುವಿನ ಬಲಗಾಲು ನನ್ನ ಸೊಂಟದ ಪಕ್ಕ ತಣ್ಣಗೆ ತೂಗುತ್ತಿತ್ತು. ಮಂಜುಳಳ ದನಿ ಮೆಲ್ಲಗಿತ್ತು.

‘ದೊಡ್ಡಾಸ್ಪತ್ರೆ ಡಾಕ್ಟ್ರು ಬೋದ್ರು ಸಾ. ಮಳೆಗಾಲದ ಜರಕ್ಕೆ ಯಾಕ್ ಸೂಜಿ ಆಕ್ಸುದ್ರಿ, ಅದುಕ್ಕೇ ಕಾಲ್ಗೆ ಬಡುದಿರ್ಬೋದು ಅಂದ್ರು. ನಿಮ್ಗೆ ಗೊತ್ತಿತ್ತಾ ಸಾ ಅವತ್ತು?’

‘ಗೊತ್ತಿತ್ತು’ ಎಂದರು ನಮ್ಮವರು.

‘ಅದ್ಕೇ ಬ್ಯಾಡ ಅಂದ್ರಾ?’

‘ಹೂಂ.’

‘ಯಾಕೆ ಬ್ಯಾಡ ಅಂತ ಯಾಕ್ ಸಾ ಏಳ್ಲಿಲ್ಲ?’ ಅವಳ ಕಪ್ಪು ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು. ‘ನಾನ್ ಓದ್ದೋಳಲ್ಲ, ಬರ್ದೋಳಲ್ಲ. ನನ್ ಮಗಾ ಕಣ್ ಸಾ ಅದು. ಚುಚ್ಚುದ್ರೆ ಕಾಲ್ ಓಯ್ತದೆ ಕಣಮ್ಮಿ ಅಂತ ಒಂದ್ ಮಾತ್ ಅಂದಿದ್ರೆ ನಾನ್ ಆ ರೋಡ್ ದಾಟ್ತಿದ್ನಾ?’

ಮಂಜುಳ ನಮ್ಮವರ ಉತ್ತರಕ್ಕೆ ತುಂಬ ಹೊತ್ತು ಕಾದಳು. ಆಮೇಲೆ ಬಂದು ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಹೋದಳು. ಅವಳು ಅಳಲಿಲ್ಲ. ಅತ್ತದ್ದು ನಾನು. ಎಷ್ಟೋ ವರ್ಷ ಈ ಮನುಷ್ಯನ ಮೌನವನ್ನು ನಾನು ಸ್ವಭಾವ ಎಂದು ತಮಾಷೆ ಮಾಡಿಕೊಂಡು ತಳ್ಳಿದ್ದೆ. ಅವತ್ತು ಅದರ ಮೇಲೆ ನನಗೆ ಹೇಸಿಗೆಯಾಯಿತು, ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಮರುದಿನದಿಂದ ಅವರು ಮಾತಾಡಲು ಶುರುಮಾಡಿದರು. ನೋಡಲಾಗುತ್ತಿರಲಿಲ್ಲ. ನಡೆಯಲು ಕಲಿಯುವ ಮಗುವಿನ ಹಾಗೆ ಮಾತಾಡುತ್ತಿದ್ದರು. ಎರಡು ಮಾತಿಗೆ ತೊದಲುವುದು, ಪುಸ್ತಕದ ಪದ ಬಳಸಿ ಮತ್ತೆ ತಿದ್ದಿಕೊಳ್ಳುವುದು, ರೋಗಿಯ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರಿಗೆ ಹೇಳುವುದು. ತಲೆನೋವಿಗೆ ಬಂದ ಮುದುಕನಿಗೆ ತಲೆಯೊಳಗೆ ಏನೇನಿದೆ ಎಂದು ಅಷ್ಟುದ್ದ ವಿವರಿಸಿದಾಗ ಅವನು ಹೆದರಿ, ‘ನನಗ್ ಅಂತಾದ್ದೇನೂ ಇಲ್ಲ ಬುಡಿ ಬುದ್ಧಿ’ ಎಂದು ಎದ್ದುಹೋದ. ಮನೆಯಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿಕೊಂಡು, ‘ನೀನು ಮಗುವಿನ ತಾಯಿ ಅಂದ್ಕೋ. ಈಗ ನಾನು ಹೇಳ್ತೀನಿ, ಅರ್ಥ ಆಗುತ್ತಾ ನೋಡು’ ಎನ್ನುತ್ತಿದ್ದರು. ನಾನು ಅರ್ಥವಾಗದ ಕಡೆ ನಿಲ್ಲಿಸುತ್ತಿದ್ದೆ. ‘ನರ ಅನ್ನಬೇಡಿ, ಶಕ್ತಿ ಹೋಗುತ್ತೆ ಅನ್ನಿ. ಮುಖ ನೋಡಿ ಹೇಳಿ’ ಎನ್ನುತ್ತಿದ್ದೆ. ಅವರು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ರೂಪಳ ಕಾಲು ಬರಲಿಲ್ಲ. ನಮ್ಮವರು ವಾರಕ್ಕೊಂದು ಸಲ ಅವರ ಮನೆಗೆ ಹೋಗಿ ಆ ಕಾಲನ್ನು ಮಡಿಸಿ ಬಿಡಿಸುವ ವ್ಯಾಯಾಮ ಮಾಡಿಸುತ್ತಿದ್ದರು. ಮಂಜುಳ ಬೇಡ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಅವರು ಇದ್ದಷ್ಟು ಹೊತ್ತೂ ಅವಳು ಬಾಗಿಲಿಗೆ ಬೆನ್ನು ಮಾಡಿ ಊದುಬತ್ತಿ ಹೊಸೆಯುತ್ತಿದ್ದಳು. ಮಗು ಮಾತ್ರ ಇವರನ್ನು ಕಂಡರೆ ನಗುತ್ತಿತ್ತು.

ಗೌರಿಹಬ್ಬ ಕಳೆದರೂ ಮಳೆ ಇನ್ನೂ ಬಿಟ್ಟಿರಲಿಲ್ಲ. ಒಂದು ಸಂಜೆ ಹೊಸದಾಗಿ ಆ ಬೀದಿಗೆ ಬಂದಿದ್ದ ಹುಡುಗಿಯೊಬ್ಬಳು ಜ್ವರದ ಗಂಡುಮಗುವನ್ನು ಎತ್ತಿಕೊಂಡು ಬಂದಳು. ಇಬ್ಬರು ಡಾಕ್ಟರುಗಳ ಹೆಸರೂ ಇನ್ನೂ ಅವಳ ಕಿವಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ. ಮಗುವನ್ನು ನೋಡಿ ಮುಗಿಸಿದ ಮೇಲೆ ಅವಳೂ ಅದೇ ಮಾತು ಕೇಳಿದಳು: ‘ಒಂದು ಸೂಜಿ ಹಾಕ್ಬುಡಿ ಸಾರ್.’

ನಮ್ಮವರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ‘ನಿನ್ನ ಹೆಸರೇನಮ್ಮ?’ ಎಂದು ಕೇಳಿದರು. ಸವಿತಾ ಎಂದಳು. ‘ನೋಡು ಸವಿತಾ, ಸೂಜಿ ಹಾಕೋದು ನನಗೆ ಕಷ್ಟ ಅಲ್ಲ. ಆದರೆ ಈ ಮಳೆಗಾಲದ ಜ್ವರದಲ್ಲಿ ಒಂದು ಕೆಟ್ಟ ಜಾತಿ ಇದೆ. ಅದು ಸುಮ್ಮನೆ ಬಂದು ಸುಮ್ಮನೆ ಹೋಗಬೇಕು. ಈಗ ಚುಚ್ಚಿದರೆ ಚುಚ್ಚಿದ ಕಾಲಿನ ಶಕ್ತಿಯೇ ಹೋಗಬಹುದು. ಇದೇ ಬೀದಿಯಲ್ಲಿ ಒಂದು ಮಗುವಿಗೆ ಹೋಗಿದೆ’ ಎಂದರು. ತೊದಲಲಿಲ್ಲ. ಕ್ಯಾಲೆಂಡರಿನ ಕಡೆ ನೋಡಲಿಲ್ಲ. ಅವಳು ಜ್ವರ ನೆತ್ತಿಗೇರಿದರೆ ಏನು ಮಾಡಲಿ ಎಂದು ಕೇಳಿದಳು, ಹೇಳಿದರು. ಅನ್ನ ಹಾಕಬಹುದಾ ಎಂದಳು, ಅದನ್ನೂ ಹೇಳಿದರು. ‘ನಾಳೆ ಮತ್ತೆ ಕರ್ಕೊಂಡು ಬಾ. ಅಲ್ಲೀವರೆಗೆ ಯಾರು ಹೇಳಿದರೂ ಚುಚ್ಚಿಸಬೇಡ’ ಎಂದರು.

ಅವಳು ಹೊರಗೆ ಹೋದಳು. ನಾನು ಕಿಟಕಿಗೆ ಬಂದೆ. ರಸ್ತೆಯ ಅಂಚಿನಲ್ಲಿ ಹೋಗಿ ನಿಂತಳು. ಎದುರುಗಡೆ ನಗೋ ಡಾಕ್ಟರ ಬೆಂಚು ತುಂಬಿತ್ತು, ಒಬ್ಬ ಹೆಂಗಸು ಇವಳನ್ನು ಕಂಡು ಬಾ ಬಾ ಎಂದು ಕೈಬೀಸಿ ಕರೆದಳು. ನಾನು ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಮಗುವಿನ ತಲೆಯ ಮೇಲೆ ಸೆರಗು ಎಳೆದಳು, ಕರೆದ ಹೆಂಗಸಿಗೆ ಬೇಡವೆಂದು ತಲೆಯಾಡಿಸಿದಳು, ಪಕ್ಕದ ಗಲ್ಲಿಗೆ ತಿರುಗಿ ಮನೆಯ ಕಡೆ ನಡೆದಳು.

ನಾನು ಒಳಗೆ ಓಡಿದೆ. ಎಷ್ಟೋ ವಾರಗಳ ಮೇಲೆ ನನಗೆ ಸಂತೋಷವಾಗಿತ್ತು.

‘ರೀ, ಮನೆಗೇ ಹೋದಳು ಕಣ್ರೀ! ಎದುರುಗಡೆಯಿಂದ ಕರೆದರೂ ಹೋಗಲಿಲ್ಲ.’

‘ರಸ್ತೆ ದಾಟಲಿಲ್ವಾ?’

‘ಇಲ್ಲಾ ಅಂದ್ರೆ.’

ಈಗಲಾದರೂ ನಗುತ್ತಾರೆ ಎಂದುಕೊಂಡು ನಿಂತೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸವಿತಾ ಕೂತಿದ್ದ ಕುರ್ಚಿಯನ್ನೇ ನೋಡುತ್ತಿದ್ದರು.

‘ಇಷ್ಟೇ ಸಾಕಾಗಿತ್ತಾ?’ ಎಂದರು.